ಅನ್ನ ಬಿಟ್ಟ ಒಡಲು: ಕೀಟೋನುಗಳ ಚರಿತ್ರೆ

ಮೈಯ ಭಾರವನ್ನು ಇಳಿಸಿಕೊಳ್ಳಬೇಕೆನ್ನುವವರ ಬಾಯಲ್ಲಿ ಈಚೆಗೆ 'ಕೀಟೋ' ಎಂಬ ಮಾತು ಬಹಳವಾಗಿ ಕೇಳಿಬರುತ್ತಿದೆ. ಅನ್ನ, ಮುದ್ದೆ, ರೊಟ್ಟಿ, ಬೆಲ್ಲ, ಹಣ್ಣು ಇವೆಲ್ಲವನ್ನೂ ದೂರಮಾಡಿ, ಬೆಣ್ಣೆ, ತುಪ್ಪ, ಪನೀರು, ಮೊಟ್ಟೆ, ಮಾಂಸಗಳಿಂದಲೇ ಹೊಟ್ಟೆಯನ್ನು ತುಂಬಿಕೊಂಡರೆ ದೇಹವು ತನ್ನ ಕೊಬ್ಬನ್ನು ತಾನೇ ಸುಡತೊಡಗುವುದೆಂದೂ, ಆ ಅವಸ್ಥೆಗೆ ಕೀಟೋಸಿಸ್ ಎಂದು ಹೆಸರೆಂದೂ ಅವರು ಹೇಳುತ್ತಾರೆ. ಇದನ್ನು ಹೊಸದೊಂದು ಶೋಧವೆಂದು ಕೊಂಡಾಡುವವರು ಕೆಲವರು. ಪ್ರಾಣಕ್ಕೆ ಎರವಾಗುವ ಹುಚ್ಚೆಂದು ಹಳಿಯುವವರು ಕೆಲವರು. ಇದು ಹೊಸದಂತೂ ಅಲ್ಲ. ಅಪಾಯದ ಮಾತಾದರೋ, ಅದು ಯಾರ ದೇಹ, ಯಾವ ಸಂದರ್ಭ ಎಂಬುದರ ಮೇಲೆ ನಿಂತಿರುವುದು. ವೈದ್ಯರು ಈ ಕೀಟೋನುಗಳನ್ನು ಮೊದಲು ಕಂಡದ್ದು ಮೃತ್ಯುವಿನ ದೂತರಾಗಿ. ಅನಂತರ ಅವೇ ಮಕ್ಕಳ ಅಪಸ್ಮಾರಕ್ಕೆ ಔಷಧವಾದುವು. ಕಟ್ಟಕಡೆಗೆ ಅವು ಹಸಿದ ಮಿದುಳಿನ ಸಹಜವಾದ ಆಹಾರವೆಂದು ತಿಳಿದುಬಂದಿತು. ಒಂದೇ ವಸ್ತುವಿಗೆ ಈ ಮೂರು ವೇಷಗಳು ಹೇಗೆ ಬಂದುವೆಂಬುದನ್ನು ನೋಡುವುದು ಪ್ರಕೃತ ಲೇಖನದ ಉದ್ದೇಶ.

ಚರಿತ್ರೆಗೆ ಮೊದಲು ವಸ್ತುವಿನ ಪರಿಚಯವು ಸ್ವಲ್ಪ ಬೇಕು. ನಾವು ಉಣ್ಣುವ ಅನ್ನದ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುವುದು. ಉಳಿದುದನ್ನು ಯಕೃತ್ತೂ ಮಾಂಸಖಂಡಗಳೂ ಕಣಜದಲ್ಲಿ ಕೂಡಿಡುವಂತೆ ಕೂಡಿಡುತ್ತವೆ. ಈ ಕಣಜ ಬಹಳ ಚಿಕ್ಕದು. ಎಲ್ಲ ಸೇರಿ ಸುಮಾರು ಅರ್ಧ ಕಿಲೋಗ್ರಾಂ, ಅದರಲ್ಲಿಯೂ ಯಕೃತ್ತಿನ ಪಾಲು ಸುಮಾರು 100 ಗ್ರಾಂ ಮಾತ್ರ. ಮಿದುಳೊಂದೇ ದಿನಕ್ಕೆ ನೂರು ಗ್ರಾಮಿಗೂ ಮೇಲೆ ಸಕ್ಕರೆಯನ್ನು ಬೇಡುವುದು. ಆದುದರಿಂದ ಒಂದು ದಿನದ ಉಪವಾಸದಲ್ಲಿ ಯಕೃತ್ತಿನ ಕಣಜವು ಬಹುಮಟ್ಟಿಗೆ ಬರಿದಾಗುತ್ತದೆ. ಕೊಬ್ಬಾದರೋ ಎಂತಹ ಬಡಕಲು ಮೈಯಲ್ಲಿಯೂ ವಾರಗಟ್ಟಲೆ ಸಾಲುವಷ್ಟು ಇರುವುದು. ಆದರೆ ಮಿದುಳು ಕೊಬ್ಬನ್ನು ಇದ್ದಂತೆಯೇ ಉರಿಸಲಾರದು. ಆಗ ಯಕೃತ್ತು ಕೊಬ್ಬಿನ ಉದ್ದವಾದ ಸರಪಣಿಗಳನ್ನು ತುಂಡರಿಸಿ, ರಕ್ತದಲ್ಲಿ ಸುಲಭವಾಗಿ ಕರಗುವ ಚಿಕ್ಕ ಚಿಕ್ಕ ದ್ರವ್ಯಗಳನ್ನಾಗಿ ಮಾಡಿ ಕಳುಹಿಸುವುದು. ಅಸಿಟೋಅಸಿಟಿಕ್ ಆಮ್ಲ, ಬೀಟಾ-ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲ, ಅಸಿಟೋನು ಎಂಬ ಈ ಮೂರಕ್ಕೆ ಕೀಟೋನುಗಳೆಂದು ಹೆಸರು. ಮೊದಲಿನ ಎರಡು ಉರುವಲಾಗುವುವು. ಅಸಿಟೋನು ಹಾರಿಹೋಗುವ ಸ್ವಭಾವದ್ದಾದುದರಿಂದ ಉಸಿರಿನಲ್ಲಿ ಹೊರಬೀಳುವುದು. ಮಾಗಿ ಕೊಳೆಯಹತ್ತಿದ ಹಣ್ಣಿನಂತಹ, ಅಥವಾ ಉಗುರಿನ ಬಣ್ಣವನ್ನು ತೆಗೆಯುವ ದ್ರವದಂತಹ ಒಂದು ವಾಸನೆ ಅದರದು. ನಿರಾಹಾರವಾಗಿ ಏಕಾದಶಿಯನ್ನು ಕಳೆದ ಹಿರಿಯರ ಬಾಯಲ್ಲಿ ದ್ವಾದಶಿಯ ಬೆಳಗ್ಗೆ, ಪಾರಣೆಗೆ ಮುಂಚೆ, ಬರುವ ವಾಸನೆಯಲ್ಲಿ ಇದರ ಪಾಲೂ ಉಂಟು. ಅವಲಕ್ಕಿ, ಉಪ್ಪಿಟ್ಟು, ಬಾಳೆಹಣ್ಣುಗಳಿಂದ ಏಕಾದಶಿಯನ್ನು ಆಚರಿಸುವವರಿಗೆ ಈ ಅವಸ್ಥೆ ಪ್ರಾಪ್ತವಾಗುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಪಿಷ್ಟಕ್ಕೂ ರೋಗಕ್ಕೂ ಇರುವ ಸಂಬಂಧವನ್ನು ನಮ್ಮ ದೇಶದ ವೈದ್ಯರು ಬಹು ಹಿಂದೆಯೇ ಗುರುತಿಸಿದ್ದರು. ಸುಶ್ರುತಸಂಹಿತೆಯು ಪ್ರಮೇಹವನ್ನು ಹುಟ್ಟಿನಿಂದ ಬಂದುದು, ಅಪಥ್ಯದಿಂದ ಬಂದುದು ಎಂದು ಎರಡಾಗಿ ವಿಂಗಡಿಸಿ, ಮೊದಲನೆಯವನು ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಹೇಳುವುದು. ಚರಕನು ಇಂತಹ ರೋಗಿಗೆ ಜವೆಯನ್ನು ಮುಖ್ಯ ಆಹಾರವಾಗಿ ವಿಧಿಸಿದ್ದಾನೆ. ಆದರೆ ಧಾನ್ಯವನ್ನೇ ಬಿಡಿಸುವ ಚಿಕಿತ್ಸೆ ಇಲ್ಲಿನದಲ್ಲ. ಅದರ ಮೊದಲ ಸ್ಪಷ್ಟವಾದ ದಾಖಲೆ ಬ್ರಿಟಿಷ್ ಸೈನ್ಯದ ಶಸ್ತ್ರವೈದ್ಯ ಜಾನ್ ರಾಲೋ ಎಂಬಾತನದು. 1797ರಲ್ಲಿ ಪ್ರಕಟವಾದ ಬರಹದಲ್ಲಿ ಅವನು ಮೆರಿಡಿತ್ ಎಂಬ ಸ್ಥೂಲಕಾಯನಾದ ಕ್ಯಾಪ್ಟನ್ ಒಬ್ಬನಿಗೆ ಮಾಂಸ ಮತ್ತು ಕೊಬ್ಬುಗಳೇ ಪ್ರಧಾನವಾದ ಪಥ್ಯವನ್ನು ಕೊಟ್ಟು ಮೂತ್ರದ ಸಿಹಿಯನ್ನು ಹೋಗಲಾಡಿಸಿದುದನ್ನು ವಿವರಿಸಿದ್ದಾನೆ. ಹಳಸಿದ ಮಾಂಸವನ್ನು ತಿನ್ನಬೇಕೆಂಬುದು ಅವನ ವಿಧಿಗಳಲ್ಲೊಂದು. ಆ ಕಾಲದ ರೋಗಿಗಳ ಸಹನೆಯನ್ನು ಮೆಚ್ಚತಕ್ಕದ್ದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೀಟೋನುಗಳು ಒಂದೊಂದಾಗಿ ಬೆಳಕಿಗೆ ಬಂದುವು; ಆದರೆ ಬಂದುದು ಸಾಯುವವರ ಹಾಸಿಗೆಯ ಬಳಿಯಲ್ಲಿ. 1857ರಲ್ಲಿ ಪೆಟರ್ಸ್ ಎಂಬ ವೈದ್ಯನು ಪ್ರಾಗ್ ನಗರದಲ್ಲಿ ಮಧುಮೇಹ ರೋಗಿಯ ಮೂತ್ರದಲ್ಲಿ ಅಸಿಟೋನನ್ನು ಕಂಡನು. 1865ರಲ್ಲಿ ಗೆರ್ಹಾರ್ಟ್ ಎಂಬಾತನು ಫೆರಿಕ್ ಕ್ಲೋರೈಡನ್ನು ಸೇರಿಸಿದರೆ ಅಂತಹ ಮೂತ್ರವು ದ್ರಾಕ್ಷಾರಸದ ಕೆಂಪಿಗೆ ತಿರುಗುವುದೆಂದು ತೋರಿಸಿದನು. 1874ರಲ್ಲಿ ಕುಸ್‌ಮೌಲನು ಮಧುಮೇಹದಿಂದ ಪ್ರಜ್ಞೆ ತಪ್ಪುವುದಕ್ಕೆ ಮುಂಚೆ ರೋಗಿಗೆ ಬರುವ ಆಳವಾದ, ತಿದಿಯೊತ್ತಿದಂತಹ ಉಸಿರಾಟವನ್ನು ವರ್ಣಿಸಿದನು. ಶ್ವಾಸಕೋಶದಲ್ಲಿ ದೋಷವಿಲ್ಲ, ದಾರಿಯಲ್ಲಿ ಅಡ್ಡಿಯಿಲ್ಲ. ಆದರೂ ರೋಗಿ ಗಾಳಿಗಾಗಿ ತವಕಿಸುವನು. ಇದರ ಕಾರಣವನ್ನು ಬಿಡಿಸಿದ ಕೀರ್ತಿ ನೌನಿನ್ ಎಂಬ ಜರ್ಮನ್ ಆಚಾರ್ಯನ ಶಿಷ್ಯರದು. 1884ರಲ್ಲಿ ಆಸ್ಕರ್ ಮಿಂಕೋವ್‌ಸ್ಕಿ ಇಂತಹ ರೋಗಿಗಳ ಮೂತ್ರದಲ್ಲಿ ಬೀಟಾ-ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲವನ್ನು ಗುರುತಿಸಿದನು. ಆಮ್ಲವು ಮಿತಿಮೀರಿ ರಕ್ತದ ಕ್ಷಾರಗುಣವನ್ನು ನುಂಗಿಬಿಡುವುದರಿಂದ, ಇಂಗಾಲಾಮ್ಲವನ್ನಾದರೂ ಹೊರದೂಡಿ ಉಳಿದುಕೊಳ್ಳೋಣವೆಂದು ದೇಹವು ಹಾಗೆ ಉಸಿರಾಡುವುದು. ಐದು ವರ್ಷಗಳ ಅನಂತರ, 1889ರಲ್ಲಿ, ಅದೇ ಮಿಂಕೋವ್‌ಸ್ಕಿ ಫಾನ್ ಮೇರಿಂಗನೊಡನೆ ಸೇರಿ ನಾಯಿಯ ಮೇದೋಜೀರಕಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹವು ಬಂದಿತು. ರೋಗದ ಬೇರು ಎಲ್ಲಿರುವುದೆಂಬುದು ಆಗ ತಿಳಿಯಿತು. ಆದರೆ ಮದ್ದಿಗೆ ಇನ್ನೂ ಮೂವತ್ತಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು.

ಈ ನಡುವೆ ಲಂಡನ್ನಿನಲ್ಲಿ ಬೇರೊಂದು ಪ್ರಸಂಗವು ನಡೆದಿತ್ತು. ಅದರ ನಾಯಕನು ವೈದ್ಯನಲ್ಲ. ವಿಲಿಯಂ ಬ್ಯಾಂಟಿಂಗ್ ಎಂಬ ಶವಸಂಸ್ಕಾರದ ವ್ಯಾಪಾರಿ. ರಾಜಮನೆತನದವರ ಅಂತ್ಯಯಾತ್ರೆಗಳ ಏರ್ಪಾಟನ್ನು ನೋಡಿಕೊಳ್ಳುತ್ತಿದ್ದ ಪ್ರತಿಷ್ಠಿತ ಮನೆತನ ಅವನದು. 1862ರಲ್ಲಿ, ಅರುವತ್ತಾರರ ವಯಸ್ಸಿನಲ್ಲಿ, ಐದಡಿ ಐದಂಗುಲ ಎತ್ತರದ ಆ ಮನುಷ್ಯನ ತೂಕ 202 ಪೌಂಡು. ಬಗ್ಗಿ ಪಾದರಕ್ಷೆಯ ದಾರವನ್ನು ಕಟ್ಟಿಕೊಳ್ಳಲು ಆಗದು. ಮೆಟ್ಟಿಲಿಳಿಯುವಾಗ ಮಂಡಿನೋವಿಗೆ ಹೆದರಿ ಹಿಮ್ಮುಖವಾಗಿ ಇಳಿಯುವನು. ದೋಣಿ ಹುಟ್ಟುಹಾಕಿದನು, ಹಸಿವು ಹೆಚ್ಚಿತೇ ಹೊರತು ಮೈ ಇಳಿಯಲಿಲ್ಲ. ಕೊನೆಗೆ ಕಿವಿ ಮಂದವಾಯಿತೆಂದು ಕಿವಿಯ ವೈದ್ಯ ವಿಲಿಯಂ ಹಾರ್ವಿಯ ಬಳಿಗೆ ಹೋದನು. (ರಕ್ತಪರಿಚಲನೆಯನ್ನು ಕಂಡುಹಿಡಿದ ಹಾರ್ವಿ ಇವನಲ್ಲ, ಅವನು ಇನ್ನೂರು ವರ್ಷ ಹಿಂದಿನವನು.) ಈ ಹಾರ್ವಿಯು ಪ್ಯಾರಿಸಿನಲ್ಲಿ ಕ್ಲೋಡ್ ಬರ್ನಾರನು ಯಕೃತ್ತು ಮತ್ತು ಸಕ್ಕರೆಗಳ ವಿಷಯವಾಗಿ ಮಾಡಿದ ಉಪನ್ಯಾಸವನ್ನು ಕೇಳಿ ಬಂದಿದ್ದನು. ಅವನು ಬ್ಯಾಂಟಿಂಗನಿಗೆ ರೊಟ್ಟಿ, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆಗಳನ್ನು ಬಿಡಿಸಿದನು. ಒಂದು ವರ್ಷದಲ್ಲಿ 46 ಪೌಂಡು ಇಳಿಯಿತು. ಕೃತಜ್ಞನಾದ ಬ್ಯಾಂಟಿಂಗನು 1863ರಲ್ಲಿ ಸ್ವಂತ ಖರ್ಚಿನಿಂದ ಒಂದು ಕಿರುಹೊತ್ತಗೆಯನ್ನು ಅಚ್ಚುಹಾಕಿಸಿ ಹಂಚಿದನು. ಅದು ಎಷ್ಟು ಜನಪ್ರಿಯವಾಯಿತೆಂದರೆ ಅವನ ಹೆಸರು ಇಂಗ್ಲಿಷಿನಲ್ಲಿ ಕೆಲಕಾಲ ಕ್ರಿಯಾಪದವಾಗಿ ಬಳಕೆಯಾಯಿತು. ಸ್ವೀಡಿಷ್ ಭಾಷೆಯಲ್ಲಿ ಪಥ್ಯದಿಂದ ತೂಕ ಇಳಿಸುವುದಕ್ಕೆ ಇಂದಿಗೂ 'ಬಾಂಟಾ' ಎಂದೇ ಹೇಳುತ್ತಾರೆ.

ಇಂದಿನ ಕೀಟೋವಾದಿಗಳು ಬ್ಯಾಂಟಿಂಗನನ್ನು ತಮ್ಮ ಮೂಲಪುರುಷನೆಂದು ಹೇಳಿಕೊಳ್ಳುವುದುಂಟು. ನನ್ನ ಅಭಿಪ್ರಾಯದಲ್ಲಿ ಇದು ಪೂರ್ತಿ ಸರಿಯಲ್ಲ. ಅವನ ಪಥ್ಯದಲ್ಲಿ ಸುಟ್ಟ ರೊಟ್ಟಿಯ ಚೂರೂ ಹಣ್ಣೂ ಇದ್ದುವು, ದ್ರಾಕ್ಷಾಮದ್ಯವೂ ಧಾರಾಳವಾಗಿ ಇತ್ತು, ಬೆಣ್ಣೆಯೇ ನಿಷಿದ್ಧವಾಗಿತ್ತು. ಅವನ ಒಡಲಲ್ಲಿ ಕೀಟೋನುಗಳು ಹೇಳಿಕೊಳ್ಳುವಷ್ಟು ಹುಟ್ಟಿರಲಾರವು. ಪಿಷ್ಟವನ್ನು ಕಡಮೆ ಮಾಡುವುದು ಬೇರೆ, ಕೀಟೋಸಿಸ್ ಬೇರೆ. ಎರಡನೆಯದಕ್ಕೆ ದಿನದ ಪಿಷ್ಟ ಸಕ್ಕರೆಗಳು ಸಾಮಾನ್ಯವಾಗಿ 20ರಿಂದ 50 ಗ್ರಾಮಿನೊಳಗೆ ಇರಬೇಕು. ಒಂದು ಬಟ್ಟಲು ಅನ್ನದಲ್ಲಿಯೇ ಸುಮಾರು 45 ಗ್ರಾಂ ಇರುವುದು. ಬೇಳೆಯೆಂದು ನಾವು ನಂಬುವ ತೊಗರಿಯಲ್ಲಿಯೂ ಅರ್ಧಕ್ಕಿಂತ ಹೆಚ್ಚು ಪಾಲು ಅದೇ. ಸಸ್ಯಾಹಾರದ ಮನೆಗಳಲ್ಲಿ ಈ ಪಥ್ಯವು ಎಷ್ಟು ಇಕ್ಕಟ್ಟಿನದೆಂಬುದನ್ನು ಇದರಿಂದ ಊಹಿಸಬಹುದು.

ಕೀಟೋನುಗಳ ಕರಾಳಮುಖವು ಅತ್ಯಂತ ಸ್ಪಷ್ಟವಾಗಿ ಕಂಡದ್ದು ಇನ್ಸುಲಿನ್ನಿಗೆ ಮುಂಚಿನ ಕೆಲವೇ ವರ್ಷಗಳಲ್ಲಿ. ಮಧುಮೇಹಕ್ಕೆ ತುತ್ತಾದ ಮಕ್ಕಳಿಗೆ ಆಗ ಉಪಾಯವೇ ಇರಲಿಲ್ಲ. ಅಮೆರಿಕದ ಫ್ರೆಡರಿಕ್ ಆಲನ್ ಎಂಬ ವೈದ್ಯನು ಅವರನ್ನು ಉಪವಾಸವಿರಿಸಿ, ಅಳೆದು ತೂಗಿ ತುತ್ತು ಕೊಡುವ ಕ್ರಮವನ್ನು ನಡೆಯಿಸಿದನು. ಸಾವು ಮುಂದಕ್ಕೆ ಹೋಗುತ್ತಿತ್ತು. ಆದರೆ ಮಕ್ಕಳು ಎಲುಬಿನ ಹಂದರವಾಗುತ್ತಿದ್ದರು. ಅಮೆರಿಕದ ವಿದೇಶಾಂಗ ಮಂತ್ರಿ ಚಾರ್ಲ್ಸ್ ಇವಾನ್ಸ್ ಹ್ಯೂಸನ ಮಗಳು ಎಲಿಜಬೆತ್ ಈ ಕ್ರಮದಲ್ಲಿಯೇ ಮೂರು ವರ್ಷ ಜೀವ ಹಿಡಿದಿದ್ದಳು. 1922ರ ಆಗಸ್ಟಿನಲ್ಲಿ ಅವಳನ್ನು ಟೊರಾಂಟೋ ನಗರಕ್ಕೆ ಕರೆತಂದಾಗ ಹದಿನೈದು ವರ್ಷದ ಆ ಹುಡುಗಿಯ ತೂಕ 45 ಪೌಂಡು. ಅಲ್ಲಿ ಫ್ರೆಡರಿಕ್ ಬ್ಯಾಂಟಿಂಗನು (ಹೆಸರು ಒಂದೇ, ವ್ಯಕ್ತಿ ಬೇರೆ) ಬೆಸ್ಟ್, ಮ್ಯಾಕ್ಲಿಯಡ್, ಕಾಲಿಪ್ ಇವರೊಡನೆ ಸಿದ್ಧಪಡಿಸಿದ್ದ ಇನ್ಸುಲಿನ್ ಅವಳಿಗೆ ದೊರೆಯಿತು. ಅವಳು 1981ರವರೆಗೆ ಬದುಕಿದಳು. ಅವಳಿಗೂ ಮುಂಚೆ, ಅದೇ ವರ್ಷದ ಜನವರಿ 11ರಂದು, ಲೆನರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಸೂಜಿ ಹಾಕಿದ್ದರು. ಅಶುದ್ಧವಾದ ಆ ಮೊದಲ ಮದ್ದಿನಿಂದ ಸಕ್ಕರೆ ಸ್ವಲ್ಪ ಇಳಿಯಿತಾದರೂ ಕೀಟೋನುಗಳು ಹಾಗೆಯೇ ಇದ್ದುವು. ಕಾಲಿಪನು ಶುದ್ಧಿಗೊಳಿಸಿದ ಮದ್ದನ್ನು 23ರಿಂದ ಕೊಡತೊಡಗಿದ ಮೇಲೆ ಮೂತ್ರದ ಕೀಟೋನುಗಳು ಮಾಯವಾದುವು. ಇದು ಬಹಳ ಮಹತ್ವದ ಸಂಗತಿ. ಏಕೆಂದರೆ ಇನ್ಸುಲಿನ್ ಎಂಬುದು ಸಕ್ಕರೆಯ ಕಾವಲುಗಾರನು ಮಾತ್ರವಲ್ಲ, ಕೊಬ್ಬಿನ ಉಗ್ರಾಣದ ಬೀಗವೂ ಅಹುದು. ಉಪವಾಸದಲ್ಲಿಯೂ ಆರೋಗ್ಯವಂತನ ಮೈಯಲ್ಲಿ ಅದು ಅಷ್ಟಿಷ್ಟು ಸುರಿಯುತ್ತಲೇ ಇದ್ದು, ಕೀಟೋನುಗಳನ್ನು ಮಿತಿಯಲ್ಲಿ ಇರಿಸುವುದು. ಬೀಗವೇ ಇಲ್ಲದವನ ಉಗ್ರಾಣವು ಬಾಗಿಲು ತೆರೆದು ಸುರಿದುಬಿಡುವುದು.

ಅಂಕಿಗಳಲ್ಲಿ ಹೇಳುವುದಾದರೆ, ಉಂಡು ತಿಂದು ಇರುವವನ ರಕ್ತದಲ್ಲಿ ಕೀಟೋನುಗಳು ಲೀಟರಿಗೆ ಅರ್ಧ ಮಿಲಿಮೋಲಿಗೂ ಕಡಮೆ. ಧಾನ್ಯ ಬಿಟ್ಟವನಲ್ಲಿ ಅರ್ಧದಿಂದ ಮೂರರವರೆಗೆ. ವಾರಗಟ್ಟಲೆ ಉಪವಾಸವಿದ್ದವನಲ್ಲಿ ಐದಾರು. ಇನ್ಸುಲಿನ್ ಇಲ್ಲದ ಮಧುಮೇಹಿಯಲ್ಲಿ ಅವು ಹತ್ತನ್ನೂ ಇಪ್ಪತ್ತನ್ನೂ ಮೀರಬಲ್ಲವು. ಹಣತೆಯಲ್ಲಿ ಉರಿಯುವುದೂ ಎಣ್ಣೆ, ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಉರಿಯುವುದೂ ಎಣ್ಣೆ.

ಇನ್ಸುಲಿನ್ ಬಂದ ಹೊಸತರಲ್ಲಿಯೇ ಕೀಟೋನುಗಳಿಗೆ ಎರಡನೆಯ ವೇಷ ಬಂದಿತು. ಉಪವಾಸದಿಂದ ಮೂರ್ಛೆರೋಗ ತಗ್ಗುವುದೆಂಬ ನಂಬಿಕೆ ಗ್ರೀಕರ ಕಾಲದಿಂದಲೂ ಇದ್ದಿತು. 1911ರಲ್ಲಿ ಪ್ಯಾರಿಸಿನ ಗೆಲ್ಪಾ ಮತ್ತು ಮಾರಿ ಎಂಬ ವೈದ್ಯರು ಇದನ್ನು ಪರೀಕ್ಷಿಸಿ ಬರೆದರು. ಆದರೆ ಮಗುವನ್ನು ಎಷ್ಟು ದಿನ ಉಪವಾಸವಿಡಬಹುದು? 1921ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದ ರಸೆಲ್ ವೈಲ್ಡರನು ಒಂದು ಜಾಣ್ಮೆಯ ಸೂಚನೆಯನ್ನು ಮಾಡಿದನು. ಉಪವಾಸದ ಗುಣವು ಕೀಟೋನುಗಳಿಂದ ಬರುವುದಾದರೆ, ಉಪವಾಸವಿಲ್ಲದೆ, ಕೊಬ್ಬನ್ನು ತುಂಬ ಕೊಟ್ಟು ಪಿಷ್ಟವನ್ನು ಕಿತ್ತುಹಾಕಿ ಅವನ್ನು ಹುಟ್ಟಿಸಬಹುದಲ್ಲ! 'ಕೀಟೋಜನಕ ಪಥ್ಯ' ಎಂಬ ಹೆಸರನ್ನಿಟ್ಟವನು ಅವನೇ. ಅದೇ ಸಂಸ್ಥೆಯ ಪೀಟರ್‌ಮನ್ನನು 1925ರಲ್ಲಿ ಪ್ರಮಾಣವನ್ನು ಗೊತ್ತುಮಾಡಿದನು: ಮಗುವಿನ ತೂಕದ ಕಿಲೋಗ್ರಾಮಿಗೆ ಒಂದು ಗ್ರಾಂ ಸಸಾರಜನಕ, ದಿನಕ್ಕೆ 10ರಿಂದ 15 ಗ್ರಾಂ ಪಿಷ್ಟ, ಉಳಿದುದೆಲ್ಲ ಕೊಬ್ಬು. ಅನೇಕ ಮಕ್ಕಳಿಗೆ ಗುಣ ಕಂಡಿತು. ಆದರೆ 1938ರಲ್ಲಿ ಫೆನಿಟಾಯಿನ್ ಎಂಬ ಔಷಧ ಬಂದುದೇ, ತಕ್ಕಡಿ ಹಿಡಿದು ಬೆಣ್ಣೆ ತೂಗುವ ಕಷ್ಟವನ್ನು ಯಾರೂ ಬಯಸಲಿಲ್ಲ. ಪಥ್ಯವು ಐವತ್ತು ವರ್ಷ ಮೂಲೆಗೆ ಬಿದ್ದಿತು. ಅದನ್ನು ಮತ್ತೆ ಎತ್ತಿದವನು ಜಿಮ್ ಏಬ್ರಹಾಮ್ಸ್ ಎಂಬ ಸಿನಿಮಾ ನಿರ್ದೇಶಕನು. ಯಾವ ಔಷಧಕ್ಕೂ ಬಗ್ಗದಿದ್ದ ತನ್ನ ಮಗ ಚಾರ್ಲಿಯ ಸೆಳವು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಈ ಪಥ್ಯದಿಂದ ನಿಂತುದನ್ನು ಕಂಡು, 1994ರಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ, 1997ರಲ್ಲಿ ಈ ವಿಷಯವಾಗಿಯೇ ಒಂದು ಚಿತ್ರವನ್ನು ತೆಗೆದನು. 2008ರಲ್ಲಿ ಲಂಡನ್ನಿನ ವೈದ್ಯರು 145 ಮಕ್ಕಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದಾಗ, ಮೂರು ತಿಂಗಳ ಪಥ್ಯದಿಂದ ನೂರಕ್ಕೆ 38 ಮಕ್ಕಳ ಸೆಳವು ಅರ್ಧಕ್ಕಿಂತ ಹೆಚ್ಚಾಗಿ ತಗ್ಗಿತು. ಪಥ್ಯವಿಲ್ಲದ ಗುಂಪಿನಲ್ಲಿ ತಗ್ಗಿದುದು ನೂರಕ್ಕೆ 6ಕ್ಕೆ ಮಾತ್ರ. ಹೇಗೆ ತಗ್ಗುವುದೆಂಬ ವಿಷಯದಲ್ಲಿ ಪಂಡಿತರಿಗೆ ಇನ್ನೂ ಒಮ್ಮತವಿಲ್ಲ.

ಇನ್ನು ಧಾನ್ಯ ಬಿಟ್ಟವನಿಗೆ ಹೇಗನ್ನಿಸುವುದು ಎಂಬ ಪ್ರಶ್ನೆ. ಇದಕ್ಕೆ ಉತ್ತರವು ಪ್ರಯೋಗಶಾಲೆಯಿಂದಲ್ಲ, ಧ್ರುವಪ್ರದೇಶದ ಹಿಮದಿಂದ ಮೊದಲು ಬಂದಿತು. 1845ರಲ್ಲಿ ಉತ್ತರ ಅಮೆರಿಕದ ಹಿಮಸಮುದ್ರದಲ್ಲಿ ದಾರಿ ಹುಡುಕಹೊರಟು 129 ಮಂದಿಯ ಪಡೆಯೊಡನೆ ಮಡಿದ ಜಾನ್ ಫ್ರಾಂಕ್ಲಿನನ ಕುರುಹುಗಳನ್ನು ಅರಸಲು, ಅಮೆರಿಕದ ಸೈನ್ಯದ ಲೆಫ್ಟಿನೆಂಟ್ ಫ್ರೆಡರಿಕ್ ಶ್ವಾಟ್ಕಾ ಎಂಬಾತನು 1879ರ ಏಪ್ರಿಲ್ 1ರಂದು ಹಡ್ಸನ್ ಕೊಲ್ಲಿಯ ತೀರದಿಂದ ಹೊರಟನು. ಇವನು ವಕೀಲನೂ ಆಗಿದ್ದನು, ನ್ಯೂಯಾರ್ಕಿನ ಬೆಲ್‌ವ್ಯೂ ವೈದ್ಯಕಾಲೇಜಿನಲ್ಲಿ ಪದವಿ ಪಡೆದ ವೈದ್ಯನೂ ಆಗಿದ್ದನು. ಜತೆಯಲ್ಲಿ ಇನುಯಿಟ್ ಬೇಟೆಗಾರರು, ಅವರ ಹೆಂಡಿರು ಮಕ್ಕಳು, ನಾಯಿಗಳ ಗಾಡಿಗಳು. ಬುತ್ತಿಯಾದರೋ ಸುಮಾರು ಒಂದು ತಿಂಗಳಿಗೆ ಮಾತ್ರ. ಆಮೇಲೆ ಬೇಟೆಯೇ ಅನ್ನ. ಐನೂರಕ್ಕೂ ಮೇಲೆ ಹಿಮಸಾರಂಗಗಳನ್ನು ಹೊಡೆದು ತಿಂದು, ಹನ್ನೊಂದೂವರೆ ತಿಂಗಳಲ್ಲಿ 3,251 ಮೈಲಿಗಳ ಪಯಣವನ್ನು ಮುಗಿಸಿ ಅವರು ಹಿಂದಿರುಗಿದರು. ಫ್ರಾಂಕ್ಲಿನನ ಪಡೆ ಹಸಿದು ಸತ್ತ ನೆಲದಲ್ಲಿಯೇ ಇವರು ಬದುಕಿದ್ದು ಹೀಗೆ. 1965ರವರೆಗೆ ಅಚ್ಚಾಗದೆ ಉಳಿದಿದ್ದ ತನ್ನ ದಿನಚರಿಯಲ್ಲಿ ಶ್ವಾಟ್ಕಾ ಒಂದು ಸೂಕ್ಷ್ಮವನ್ನು ಬರೆದಿಟ್ಟಿದ್ದಾನೆ: ಬರಿಯ ಸಾರಂಗದ ಮಾಂಸಕ್ಕೆ ತಿರುಗಿದ ಮೊದಲಲ್ಲಿ ಅದು ಮೈಗೆ ಸಾಲದೆಂಬಂತೆ ತೋರುವುದು, ಕಾಲಲ್ಲಿ ಶಕ್ತಿಯಿಲ್ಲದೆ ದೂರದ ನಡಿಗೆ ಸಾಧ್ಯವಾಗದು, ಆದರೆ ಎರಡು ಮೂರು ವಾರಗಳಲ್ಲಿ ಅದು ತಾನಾಗಿಯೇ ಹೋಗಿಬಿಡುವುದು.

ಈ ಎರಡು ಮೂರು ವಾರಗಳ ಮಾತನ್ನು ಮರೆತುದರಿಂದ ಒಂದು ಸೈನ್ಯವೇ ಕಂಗೆಟ್ಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡದ ಚಳಿಯಲ್ಲಿ ಪದಾತಿಗಳಿಗೆ, ಒಣಮಾಂಸ ಕೊಬ್ಬುಗಳನ್ನು ಕೂಡಿಸಿ ಮಾಡುವ ಪೆಮ್ಮಿಕನ್ ಎಂಬ ಬುತ್ತಿಯನ್ನೇ ಕೊಟ್ಟು ಪರೀಕ್ಷಿಸಿದರು. ಮೂರು ನಾಲ್ಕು ದಿನಗಳಲ್ಲಿಯೇ ಸಿಪಾಯಿಗಳು ನಿಸ್ತೇಜರಾಗಿ ಕವಾಯತಿಗೂ ಬಾರದವರಾದರು. 1945ರಲ್ಲಿ ಪ್ರಕಟವಾದ ವರದಿಯು ಈ ಬುತ್ತಿಯನ್ನು ನಿರಾಕರಿಸಿತು. ಇನ್ನೆರಡು ವಾರ ಕಾದಿದ್ದರೆ ಫಲವು ಬೇರೆಯಾಗುತ್ತಿತ್ತೋ ಏನೋ. ಆದರೆ ಶತ್ರುವು ಎರಡು ವಾರ ಕಾಯುವನೇ?

ಕಾದು ನೋಡಿದವನು ವಿಲ್ಯಾಲ್ಮರ್ ಸ್ಟೆಫಾನ್ಸನ್. ಇನುಯಿಟ್ ಜನರೊಡನೆ ವರ್ಷಗಟ್ಟಲೆ ಇದ್ದು ಅವರಂತೆಯೇ ಉಂಡಿದ್ದ ಈ ಶೋಧಕನ ಮಾತನ್ನು ನಗರದ ವೈದ್ಯರು ನಂಬಲಿಲ್ಲ. ಆದುದರಿಂದ 1928ರಲ್ಲಿ ಅವನೂ ಅವನ ಸಂಗಡಿಗ ಆಂಡರ್ಸನನೂ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯನ್ನು ಸೇರಿ, ವೈದ್ಯರ ಕಣ್ಣೆದುರಿನಲ್ಲಿ ಒಂದು ವರ್ಷ ಮಾಂಸಾಹಾರವೊಂದರಿಂದಲೇ ಬದುಕುವುದಾಗಿ ಒಪ್ಪಿಕೊಂಡರು. ಮೊದಲಲ್ಲಿಯೇ ವೈದ್ಯರು ಸ್ಟೆಫಾನ್ಸನನಿಗೆ ಕೊಬ್ಬಿಲ್ಲದ ಬರಿಯ ಮಾಂಸವನ್ನು ಕೊಟ್ಟು ನೋಡಿದರು. ಮೂರನೆಯ ದಿನಕ್ಕೆ ಓಕರಿಕೆ, ಭೇದಿ, ನಿತ್ರಾಣ. ಕೊಬ್ಬನ್ನು ಕೂಡಿಸಿಕೊಟ್ಟರು, ಎರಡು ದಿನಗಳಲ್ಲಿ ಸರಿಹೋಯಿತು. ಮೊಲವೊಂದನ್ನೇ ತಿಂದು ಹಿಮದಲ್ಲಿ ಸಾಯುವವರ ಕಥೆ ಧ್ರುವಪ್ರದೇಶದ ಬೇಟೆಗಾರರಿಗೆ ಚೆನ್ನಾಗಿ ಗೊತ್ತಿತ್ತು. ಪಂಡಿತರಿಗೆ ಗೊತ್ತಾದುದು ಆಗ. ವರ್ಷವೆಲ್ಲ ಅವರ ಆಹಾರಶಕ್ತಿಯ ಮುಕ್ಕಾಲಕ್ಕೂ ಹೆಚ್ಚು ಪಾಲು ಕೊಬ್ಬಿನಿಂದಲೇ ಬಂದಿತು. 1930ರಲ್ಲಿ ಮ್ಯಾಕ್ಲೆಲನ್ ಮತ್ತು ಡುಬಾಯ್ ಎಂಬ ವೈದ್ಯರು ಪ್ರಕಟಿಸಿದ ವರದಿಯಂತೆ, ಮೂತ್ರಪಿಂಡಗಳು ಕೆಡಲಿಲ್ಲ, ರಕ್ತದ ಒತ್ತಡ ಏರಲಿಲ್ಲ, ಸ್ಕರ್ವಿ ಬರಲಿಲ್ಲ. ಕೀಟೋಸಿಸ್ ಮಾತ್ರ ಲಘುವಾಗಿ ಇದ್ದೇ ಇತ್ತು. ಇಬ್ಬರ ಮೇಲಿನ ಪರೀಕ್ಷೆಯಿಂದ ಲೋಕಕ್ಕೆಲ್ಲ ವಿಧಿ ಬರೆಯಲಾಗದೆಂಬುದನ್ನೂ ನೆನೆಯಬೇಕು.

ಇಲ್ಲೊಂದು ವಿಚಿತ್ರವುಂಟು. ಕೀಟೋ ಪಥ್ಯದ ಪರವಾಗಿ ಇನುಯಿಟರನ್ನು ಉದಾಹರಿಸುವುದು ವಾಡಿಕೆ. ಆದರೆ ಈಚಿನ ಪರಿಶೋಧನೆಗಳಿಂದ, ಆ ಜನರಲ್ಲಿ ಬಹುಮಂದಿಗೆ ಕೀಟೋನುಗಳ ಉತ್ಪತ್ತಿಯನ್ನೇ ತಗ್ಗಿಸುವ ಒಂದು ಆನುವಂಶಿಕ ವ್ಯತ್ಯಾಸವಿರುವುದು ತಿಳಿದುಬಂದಿದೆ. ಕೊಬ್ಬನ್ನೇ ತಿಂದು ಬಾಳಿದವರ ಕುಲವು ಕೀಟೋಸಿಸನ್ನು ಆಶ್ರಯಿಸುವ ಬದಲು ಅದರಿಂದ ತಪ್ಪಿಸಿಕೊಳ್ಳುವ ದಾರಿ ಹಿಡಿದಂತೆ ತೋರುವುದು.

ಮೊದಲ ವಾರದ ಬವಣೆಗೆ ಕಾರಣವೇನು? ಪಿಷ್ಟ ನಿಂತೊಡನೆ ಕಣಜ ಬರಿದಾಗುವುದನ್ನು ಆಗಲೇ ಹೇಳಿದೆ. ಅಲ್ಲಿ ಕೂಡಿಟ್ಟ ಒಂದೊಂದು ಗ್ರಾಮಿನೊಡನೆಯೂ ಸುಮಾರು ಮೂರು ಗ್ರಾಂ ನೀರು ಇರುವುದು, ಅದೂ ಹೊರಹೋಗುವುದು. ಮೊದಲ ವಾರದಲ್ಲಿ ತಕ್ಕಡಿಯ ಮುಳ್ಳು ಸರ್ರನೆ ಇಳಿದುದನ್ನು ಕಂಡು ಹಿಗ್ಗುವವರು ಕಳೆದುಕೊಂಡಿರುವುದು ಬಹುಪಾಲು ನೀರನ್ನೇ. ಇನ್ಸುಲಿನ್ ತಗ್ಗಿದುದರಿಂದ ಮೂತ್ರಪಿಂಡಗಳು ಉಪ್ಪನ್ನೂ ಬಿಟ್ಟುಕೊಡುತ್ತವೆ. ತಲೆನೋವು, ಎದ್ದುನಿಂತರೆ ಕಣ್ಣು ಕತ್ತಲೆ, ಮೀನಖಂಡದ ಸೆಳೆತ, ಬಾಯಾರಿಕೆ, ಮಲಬದ್ಧತೆ, ಸಿಡುಕು, ಮಂಕು ಇವೆಲ್ಲ ಹೆಚ್ಚಾಗಿ ಇದರ ಫಲ. ಉಪ್ಪು ಬೆರೆತ ಸಾರು ಕುಡಿದರೆ ಅನೇಕರಿಗೆ ಕಡಮೆಯಾಗುವುದು. ರಕ್ತದೊತ್ತಡ ಇಲ್ಲವೆ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹಾಗೆ ಮಾಡತಕ್ಕದ್ದಲ್ಲ. ದಿನಗಳು ಕಳೆದಂತೆ ಬಾಯಲ್ಲಿ ಲೋಹದಂತಹ ರುಚಿ, ಉಸಿರಲ್ಲಿ ಹಣ್ಣಿನ ವಾಸನೆ ಬರುವುವು. ಆಮೇಲೆ ಹಸಿವು ಕುಗ್ಗುವುದು. ಇದನ್ನು ಬಹುಮಂದಿ ಹೇಳುತ್ತಾರೆ, ಪರೀಕ್ಷೆಗಳಲ್ಲಿಯೂ ಕಂಡಿದೆ. ಬುದ್ಧಿ ತಿಳಿಯಾಯಿತೆಂದೂ ಕೆಲವರು ಹೇಳುವುದುಂಟು. ಅದನ್ನು ಅವರವರ ಅನುಭವವೆಂದು ಬಿಡುವುದೇ ಮೇಲು. ದುಡಿಮೆಯ ವಿಷಯದಲ್ಲಿ, 1983ರಲ್ಲಿ ಸ್ಟೀಫನ್ ಫಿನ್ನಿ ಎಂಬ ವೈದ್ಯನು ಐವರು ಸೈಕಲ್ ಸವಾರರಿಗೆ ನಾಲ್ಕು ವಾರ ಈ ಪಥ್ಯವನ್ನು ಕೊಟ್ಟು ಪರೀಕ್ಷಿಸಿದನು. ಮಿತವೇಗದಲ್ಲಿ ಅವರು ತುಳಿಯಬಲ್ಲ ಅವಧಿ ಸರಾಸರಿಯಲ್ಲಿ 147 ನಿಮಿಷವಿದ್ದುದು 151 ಆಯಿತು. ಎಂದರೆ ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ. ಶ್ವಾಟ್ಕಾನ ದಿನಚರಿಯ ಮಾತು ನಿಜವಾಯಿತು.

ಮಿದುಳು ಕೀಟೋನುಗಳನ್ನು ಉಣ್ಣುವುದೆಂಬುದು ಸಿದ್ಧವಾದುದು 1967ರಲ್ಲಿ. ಬಾಸ್ಟನ್ನಿನ ಜಾರ್ಜ್ ಕ್ಯಾಹಿಲ್ ಮತ್ತು ಅವನ ಸಂಗಡಿಗರು, ಐದಾರು ವಾರ ಉಪವಾಸವಿದ್ದ ಮೂವರು ಸ್ಥೂಲದೇಹಿಗಳ ಮಿದುಳಿಗೆ ಹೋಗುವ ಮತ್ತು ಅಲ್ಲಿಂದ ಬರುವ ರಕ್ತವನ್ನು ಹೋಲಿಸಿ ನೋಡಿದರು. ಮಿದುಳಿನ ಉರುವಲಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೀಟೋನುಗಳೇ ಆಗಿದ್ದುವು. ಹಾಗಿಲ್ಲದಿದ್ದರೆ ಮಿದುಳಿಗೆ ಸಕ್ಕರೆ ಒದಗಿಸಲು ದೇಹವು ತನ್ನ ಮಾಂಸಖಂಡಗಳನ್ನೇ ಕರಗಿಸಬೇಕಾಗುತ್ತಿತ್ತು, ಮನುಷ್ಯನು ಎರಡು ಮೂರು ವಾರಗಳಲ್ಲಿ ಮುಗಿದುಹೋಗುತ್ತಿದ್ದನು. ಕ್ಷಾಮಗಳನ್ನು ದಾಟಿ ಮನುಷ್ಯಜಾತಿ ಉಳಿದು ಬಂದುದರಲ್ಲಿ ಮೃತ್ಯುದೂತರೆನಿಸಿದ್ದ ಈ ದ್ರವ್ಯಗಳ ಪಾಲು ದೊಡ್ಡದು.

ಇದಾದ ಐದು ವರ್ಷಕ್ಕೆ, 1972ರಲ್ಲಿ, ರಾಬರ್ಟ್ ಆಟ್ಕಿನ್ಸನ ಪುಸ್ತಕ ಬಂದು ಕೀಟೋಸಿಸ್ ಎಂಬುದು ಬೀದಿಯ ಮಾತಾಯಿತು. ಅದರ ಗಲಾಟೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 2003ರಲ್ಲಿ 63 ಮಂದಿಯ ಮೇಲೆ ಈ ಪಥ್ಯವನ್ನು ಸಾಮಾನ್ಯ ಪಥ್ಯದೊಡನೆ ಹೋಲಿಸಿದಾಗ, ಆರು ತಿಂಗಳಲ್ಲಿ ಆಟ್ಕಿನ್ಸನ ಪಕ್ಷದವರು ಹೆಚ್ಚು ಇಳಿದಿದ್ದರು. ವರ್ಷದ ಕೊನೆಗೆ ಲೆಕ್ಕಕ್ಕೆ ಬರುವಂತಹ ಭೇದ ಉಳಿಯಲಿಲ್ಲ. 2018ರಲ್ಲಿ 609 ಮಂದಿಯಲ್ಲಿ ಪಿಷ್ಟ ಕಡಮೆಯಾದ ಪಥ್ಯವನ್ನೂ ಕೊಬ್ಬು ಕಡಮೆಯಾದ ಪಥ್ಯವನ್ನೂ ಒಂದು ವರ್ಷ ಹೋಲಿಸಿದಾಗ ಇಳಿದ ತೂಕ 6.0 ಮತ್ತು 5.3 ಕಿಲೋಗ್ರಾಂ, ಈ ಅಂತರವೂ ಹೇಳಿಕೊಳ್ಳತಕ್ಕದ್ದಲ್ಲ.

ಆದರೆ ನಮ್ಮ ಮನೆಗಳಲ್ಲಿ ಮಧುಮೇಹಿಗಳು ಬಹಳವಾಗಿರುವುದರಿಂದ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಇನ್ಸುಲಿನ್ ಇಲ್ಲದೆ ಬದುಕಲಾರದ ರೋಗಿ ಅನ್ನ ಬಿಟ್ಟೆನೆಂದು ಸೂಜಿಯನ್ನೂ ಬಿಟ್ಟರೆ, 1922ಕ್ಕೆ ಮುಂಚಿನ ಮಕ್ಕಳ ಗತಿಯೇ ಅವನದು. ಸೂಜಿಯಿಲ್ಲದೆ ಮಾತ್ರೆಗಳಿಂದಲೇ ನಡೆಯುವವರಲ್ಲಿ ಕೂಡ, ಮೂತ್ರದಲ್ಲಿ ಸಕ್ಕರೆಯನ್ನು ಹೊರಹಾಕುವ 'ಗ್ಲಿಫ್ಲೋಜಿನ್' ಎಂದು ಹೆಸರು ಕೊನೆಗೊಳ್ಳುವ ಮಾತ್ರೆಗಳನ್ನು ತೆಗೆದುಕೊಳ್ಳುವವರು ಎಚ್ಚರದಿಂದಿರಬೇಕು. ಧಾನ್ಯ ಬಿಟ್ಟು ಅಥವಾ ದೀರ್ಘ ಉಪವಾಸವಿದ್ದು ಇವನ್ನು ನುಂಗಿದರೆ, ರಕ್ತದ ಸಕ್ಕರೆ ಹೆಚ್ಚೇನೂ ಏರದೆಯೇ ಕೀಟೋನುಗಳು ಉಕ್ಕಿ ರಕ್ತ ಹುಳಿಯಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಇದನ್ನು 2015ರಲ್ಲಿಯೇ ಸಾರಿದೆ. ಸಕ್ಕರೆ ಸರಿಯಾಗಿದೆಯೆಂದು ಮನೆಯವರು ನಿಶ್ಚಿಂತರಾಗಿರುವಾಗಲೇ ವಾಂತಿ, ಹೊಟ್ಟೆನೋವು, ಕುಸ್‌ಮೌಲನು ಕಂಡ ಆ ಆಳವಾದ ಉಸಿರು ತೊಡಗುವುವು. ಅಂತಹ ಹೊತ್ತಿನಲ್ಲಿ ಪಥ್ಯದ ಪುಸ್ತಕವನ್ನು ತೆರೆಯದೆ ಆಸ್ಪತ್ರೆಗೆ ಹೋಗಬೇಕು.

ಔಷಧದಂಗಡಿಯಲ್ಲಿ ದೊರೆಯುವ ಮೂತ್ರಪರೀಕ್ಷೆಯ ಕಾಗದದ ಪಟ್ಟಿ ನೇರಿಳೆ ಬಣ್ಣಕ್ಕೆ ತಿರುಗುವುದು 1883ರಲ್ಲಿ ಲೀಗಲ್ ಎಂಬಾತನು ಕಂಡುಹಿಡಿದ ಪರೀಕ್ಷೆಯಿಂದ. ಅದು ಅಸಿಟೋಅಸಿಟಿಕ್ ಆಮ್ಲವನ್ನು ತೋರಿಸುವುದೇ ಹೊರತು, ಮಿಂಕೋವ್‌ಸ್ಕಿಯು ಕಂಡ ಆಮ್ಲವನ್ನು ತೋರಿಸುವುದಿಲ್ಲ. ರೋಗವು ಪ್ರಬಲವಾದಾಗ ಹೆಚ್ಚಾಗಿ ಏರುವುದು ಈ ಎರಡನೆಯದೇ. ಅದನ್ನು ಈಗ ಬೆರಳ ತುದಿಯ ಒಂದು ಹನಿ ರಕ್ತದಿಂದ ಮನೆಯಲ್ಲಿಯೇ ಅಳೆಯಬಹುದಾಗಿದೆ.